ಕೆಳದವಡೆಯ ಮೂರನೇ ಬೇರನ್ನು ನಾನು ಹುಡುಕುವ ರೀತಿ

ರೂಟ್ ಕೆನಾಲ್ ಚಿಕಿತ್ಸೆಯಲ್ಲಿ ಹಲ್ಲಿನ ಎಲ್ಲಾ ಕೆನಾಲ್‌ಗಳನ್ನು, ಅಂದರೆ ಬೇರಿನೊಳಗಿನ ನರದ ಕೊಳವೆಗಳನ್ನು, ಹುಡುಕಿ ತೊಳೆಯಬೇಕು. ಕೆಳಗಿನ ಮೊದಲನೇ ದವಡೆ ಹಲ್ಲಿಗೆ ಎರಡು ಬೇರು, ಮೂರು ಇಲ್ಲವೇ ನಾಲ್ಕು ಕೆನಾಲ್. ಕಾಲೇಜಿನಲ್ಲಿ ಕಲಿತದ್ದು ಇದು, ಹೆಚ್ಚಿನ ಹಲ್ಲುಗಳು ಇರುವುದೂ ಹೀಗೇ. ಆದರೆ ಕೆಲವರಿಗೆ ಹಿಂಬದಿಯಲ್ಲಿ, ನಾಲಿಗೆ ಕಡೆಗೆ, ಇನ್ನೊಂದು ಪುಟ್ಟ ಬೇರು ಇರುತ್ತದೆ. ದಂತವೈದ್ಯ ಕರಾಬೆಲ್ಲಿ 1844ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಈಗ ಇದನ್ನು ರಾಡಿಕ್ಸ್ ಎಂಟೊಮೊಲಾರಿಸ್ ಅಂತಾರೆ. ಚೀನಾ, ತೈವಾನ್, ಕೊರಿಯಾ ಕಡೆಯ ಜನರಲ್ಲಿ ಸುಮಾರು ನಾಲ್ಕೈದು ಮಂದಿಗೆ ಒಬ್ಬರಲ್ಲಿ ಸಿಗುತ್ತದೆ. ಯುರೋಪು, ಆಫ್ರಿಕಾದವರಲ್ಲಿ ಅಪರೂಪ. ನಮ್ಮಲ್ಲೂ ಕಡಿಮೆಯೇ.

ಬೆಂಗಳೂರಿನ ಕ್ಲಿನಿಕ್ಕಿನಲ್ಲಿ ಮಣಿಪುರದ ಹುಡುಗರೂ ಕೂರುತ್ತಾರೆ, ಮಂಡ್ಯದ ಅಜ್ಜಿಯರೂ ಕೂರುತ್ತಾರೆ. ಮುಖ ನೋಡಿ ಬೇರು ಎಣಿಸೋಕೆ ಆಗಲ್ಲ. ನೂರಕ್ಕೆ ಇಷ್ಟು ಅನ್ನುವ ಲೆಕ್ಕ ನನ್ನನ್ನು ಎಚ್ಚರಿಸಬೇಕೇ ಹೊರತು, ಹುಡುಕುವುದನ್ನು ಬಿಡಿಸಬಾರದು. ಹಾಗಾಗಿ ಎಲ್ಲರಿಗೂ ಎರಡು ಎಕ್ಸ್-ರೇ ತೆಗೆಯುತ್ತೇನೆ. ಒಂದು ನೇರ, ಇನ್ನೊಂದು ಟ್ಯೂಬನ್ನು ಮುಂದಕ್ಕೆ ಸುಮಾರು 25 ಡಿಗ್ರಿ ಸರಿಸಿ. ನೇರ ಚಿತ್ರದಲ್ಲಿ ಈ ಬೇರು ಹಿಂದಿನ ದೊಡ್ಡ ಬೇರಿನ ಮರೆಯಲ್ಲಿ ಅಡಗಿರುತ್ತದೆ. ಓರೆ ಚಿತ್ರದಲ್ಲಿ ನಾಲಿಗೆ ಕಡೆಯದ್ದು ಟ್ಯೂಬು ಹೋದ ಕಡೆಗೇ ಸರಿದು ಕಾಣಿಸುತ್ತದೆ. ಬೇರಿನ ಅಂಚು ಎರಡೆರಡು ಗೆರೆಯಾಗಿ ಕಂಡರೆ ನನಗೆ ಅಲ್ಲೇ ಅನುಮಾನ ಶುರು.

ಹಲ್ಲು ಕೊರೆದು ತೆರೆದ ಮೇಲೆ ಒಳಗಿನ ಕುಳಿಯ ನೆಲದ ಬಣ್ಣ ನೋಡುತ್ತೇನೆ. ಗೋಡೆಗಿಂತ ನೆಲ ಕಪ್ಪಾಗಿರುತ್ತದೆ, ಕೆನಾಲ್‌ಗಳ ಬಾಯಿಗಳು ನೆಲವೂ ಗೋಡೆಯೂ ಸೇರುವ ಗೆರೆಯ ಮೇಲೇ ಇರುತ್ತವೆ. ಹಿಂದಿನ ಕೆನಾಲ್ ನಡುವಿನಲ್ಲಿರದೆ ಕೆನ್ನೆ ಕಡೆಗೆ ವಾಲಿದ್ದರೆ ನಾಲಿಗೆ ಕಡೆ ಇನ್ನೊಂದು ಇದ್ದೇ ಇರುತ್ತದೆ ಅಂದುಕೊಂಡೇ ಹುಡುಕುತ್ತೇನೆ. ಅದು ಈ ಪುಟ್ಟ ಬೇರಿನದ್ದೋ, ಹಿಂದಿನ ದೊಡ್ಡ ಬೇರಿನದ್ದೇ ಇನ್ನೊಂದು ಕೆನಾಲೋ ಅನ್ನುವುದು ಆಮೇಲೆ ಗೊತ್ತಾಗುತ್ತದೆ. ತ್ರಿಕೋನವಾಗಿ ತೆರೆದದ್ದನ್ನು ಆ ಕಡೆಗೆ ಸ್ವಲ್ಪ ಅಗಲಿಸಿ ಚೌಕ ಮಾಡುತ್ತೇನೆ. ಬಾಯಿಯ ಮೇಲೆ ಚಾಚಿಕೊಂಡ ಡೆಂಟಿನ್ (ಹಲ್ಲಿನ ಒಳಪದರ) ಅಂಚನ್ನು ತೆಗೆಯದಿದ್ದರೆ ಫೈಲ್, ಅಂದರೆ ಕೆನಾಲ್ ಉಜ್ಜುವ ಸೂಜಿಯಂಥ ಅರ, ಒಳಗೆ ಇಳಿಯಲ್ಲ.

ಸಿಕ್ಕಿತು ಅಂತ ಕೂಡಲೇ ರೋಟರಿ (ಯಂತ್ರದಿಂದ ತಿರುಗುವ ಫೈಲ್) ಹಾಕಬಾರದು. ಈ ಬೇರು ಬಹಳ ಸಲ ಕೆನ್ನೆ ಕಡೆಗೆ ಬಾಗಿರುತ್ತದೆ, ಆ ಬಾಗು ಎಕ್ಸ್-ರೇಯಲ್ಲಿ ಕಾಣೋದೇ ಇಲ್ಲ. 8 ಅಥವಾ 10ನೇ ನಂಬರಿನ ತೀರಾ ಸಣ್ಣ ಫೈಲಿನ ತುದಿ ಬಗ್ಗಿಸಿ, ಜಾರಲು ನೆರವಾಗುವ ಇಡಿಟಿಎ ಜೆಲ್ ಹಚ್ಚಿ, ಕೈಯಲ್ಲೇ ನಿಧಾನವಾಗಿ ದಾರಿ ಮಾಡುತ್ತೇನೆ. ಇಡೀ ಚಿಕಿತ್ಸೆಯಲ್ಲಿ ನಾನು ಅತಿ ಹೆಚ್ಚು ತಾಳ್ಮೆ ಇಡುವ ಜಾಗ ಇದು.

ಎರಡನೇ ದವಡೆ ಹಲ್ಲಿನ ಸಮಸ್ಯೆ ಬೇರೆ. ಅಲ್ಲಿ ಬೇರುಗಳು ಅಂಟಿಕೊಂಡು, ಒಳಗೆ ಕೆನಾಲ್ ಒಡೆದ ಬಳೆ ತುಂಡಿನ ಹಾಗೆ ಬಾಗಿದ ಒಂದೇ ಸೀಳಾಗಿರಬಹುದು. ಇದೂ ಚೀನಾ, ಕೊರಿಯಾ ಕಡೆ ತುಂಬಾ ಜಾಸ್ತಿ. ಫೈಲ್ ಆ ಸೀಳಿನ ಎಲ್ಲಾ ಕಡೆ ತಲುಪಲ್ಲ. ಅಲ್ಟ್ರಾಸಾನಿಕ್ ಕಂಪನದ ಉಪಕರಣ ಹಾಕಿ, ಸೋಂಕು ಕೊಲ್ಲುವ ಹೈಪೋಕ್ಲೋರೈಟ್ ದ್ರವದಲ್ಲಿ ತೊಳೆಯುವುದೇ ಮುಖ್ಯ. ನಾಲಿಗೆ ಕಡೆ ಗೋಡೆ ತೀರಾ ತೆಳುವು, ಅಲ್ಲಿ ದಪ್ಪ ಫೈಲ್ ಬೇಡವೇ ಬೇಡ.

ಮೂರನೇ ಬೇರು ಸಿಕ್ಕ ಪ್ರತಿಯೊಬ್ಬರ ಕಾರ್ಡಿನಲ್ಲಿ ಅದನ್ನು ಬರೆದುಕೊಡುತ್ತೇನೆ. ಇಂಥವರಲ್ಲಿ ಅರ್ಧದಷ್ಟು ಮಂದಿಗೆ ಇನ್ನೊಂದು ಬದಿಯ ಹಲ್ಲಿನಲ್ಲೂ ಅದೇ ಬೇರು ಇರುತ್ತದೆ, ಮುಂದೆ ಆ ಹಲ್ಲನ್ನು ಬೇರೆ ಯಾರೋ ತೆರೆಯಬಹುದು.