ಗ್ಲಾಸಿ ಕಾಗದ ಹಾಕಿ ‘ಪ್ಲೇನ್ ಪೇಪರ್’ ಒತ್ತಿದರೆ ಏನಾಗುತ್ತದೆ

ನಾನು ಬಳಸುವುದು ನಾಲ್ಕು ಬಣ್ಣದ ಇಂಕ್ ಟ್ಯಾಂಕ್ ಪ್ರಿಂಟರ್. ಅದರಲ್ಲಿ ಕಪ್ಪು ಪಿಗ್ಮೆಂಟ್ ಇಂಕ್, ಉಳಿದ ಮೂರು (ಸಯಾನ್, ಮಜೆಂಟಾ, ಹಳದಿ) ಡೈ ಇಂಕ್. ಕೆಲವು ಮಾಡೆಲ್‌ಗಳಲ್ಲಿ ನಾಲ್ಕೂ ಡೈ ಆಗಿರುತ್ತವೆ. ನಿಮ್ಮದು ಯಾವುದು ಎಂದು ಮೊದಲು ನೋಡಿಕೊಳ್ಳಿ, ಏಕೆಂದರೆ ಮುಂದಿನ ಅರ್ಧ ತೊಂದರೆ ಇಲ್ಲಿಂದಲೇ ಹುಟ್ಟುತ್ತದೆ. ಡೈ ಎಂದರೆ ದ್ರವದಲ್ಲಿ ಪೂರ್ತಿ ಕರಗಿದ ಬಣ್ಣ, ಕಾಗದದೊಳಗೆ ಇಳಿಯುತ್ತದೆ. ಪಿಗ್ಮೆಂಟ್ ಕರಗದ ಕಣ, ಬಹುಪಾಲು ಮೇಲೆಯೇ ಕೂರುತ್ತದೆ. ಸಾದಾ ಕಾಗದದಲ್ಲಿ ಅಕ್ಷರ ಕಡುಗಪ್ಪಾಗಿ, ಚೂಪಾಗಿ ಬರುವುದು ಅದರಿಂದಲೇ. ಅದೇ ಇಂಕ್ ಗ್ಲಾಸಿ ಫೋಟೊ ಪೇಪರಿನ ಮೇಲೆ ಬಿದ್ದರೆ ಅಂಟಿಕೊಳ್ಳುವುದಿಲ್ಲ. ಬೆರಳು ತಾಗಿದರೆ ಮಸಿ ಎದ್ದು ಬರುತ್ತದೆ.

ಡ್ರೈವರಿನಲ್ಲಿ (ಪ್ರಿಂಟ್ ಕೊಡುವಾಗ ತೆರೆಯುವ ಸೆಟ್ಟಿಂಗ್ ಕಿಟಕಿ) ಪೇಪರ್ ಟೈಪ್ ‘ಗ್ಲಾಸಿ ಫೋಟೊ’ ಎಂದು ಆರಿಸಿದರೆ ಇಂಥ ಪ್ರಿಂಟರ್ ಕಪ್ಪು ಟ್ಯಾಂಕನ್ನು ಮುಟ್ಟದೆ ಮೂರು ಬಣ್ಣ ಬೆರೆಸಿಯೇ ಕಪ್ಪು ಮಾಡುತ್ತದೆ. ‘ಪ್ಲೇನ್’ ಎಂದೇ ಬಿಟ್ಟರೆ ಫೋಟೊದಲ್ಲಿ ತಲೆಕೂದಲು ಇರುವಲ್ಲೆಲ್ಲ ಹೊಳಪಿಲ್ಲದ, ಒರೆಸಿದರೆ ಹರಡುವ ಕಲೆ ಕಾಣುತ್ತದೆ. ಇಂಕ್ ಚಿಮ್ಮಿಸುವ ಹೆಡ್ ಹೋಯಿತು ಎಂದು ಪ್ರಿಂಟರನ್ನು ರಿಪೇರಿಗೆ ಹೊತ್ತೊಯ್ಯುವವರಿದ್ದಾರೆ. ಬದಲಿಸಬೇಕಿದ್ದುದು ಒಂದು ಆಯ್ಕೆ ಮಾತ್ರ. ಇದರ ಉಲ್ಟಾ ತಪ್ಪೂ ಉಂಟು. 75 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕ) ಜೆರಾಕ್ಸ್ ಕಾಗದ ಹಾಕಿ ಗ್ಲಾಸಿ ಆರಿಸಿದರೆ ಕಾಗದ ಇಂಕ್ ಕುಡಿದು ಹಪ್ಪಳದ ಹಾಗೆ ಏಳುತ್ತದೆ.

ಫೋಟೊ ಪೇಪರಿನಲ್ಲಿ ಇಂಕ್ ಹಿಡಿಯುವ ಲೇಪ ಸಾಮಾನ್ಯವಾಗಿ ಒಂದೇ ಬದಿಗೆ ಇರುತ್ತದೆ. ಗ್ಲಾಸಿಯಲ್ಲಿ ಕಣ್ಣಿಗೇ ಗೊತ್ತಾಗುತ್ತದೆ. ಮ್ಯಾಟ್ ಪೇಪರಿನಲ್ಲಿ ಗೊತ್ತಾಗದಿದ್ದರೆ ಬೆರಳಿಗೆ ಸ್ವಲ್ಪ ನೀರು ಹಚ್ಚಿ ಮೂಲೆಯನ್ನು ಎರಡೂ ಕಡೆಯಿಂದ ಚಿವುಟಿ ನೋಡುತ್ತೇನೆ. ಅಂಟುವ ಬದಿಯೇ ಮುದ್ರಣದ ಬದಿ.

ಪ್ರಿಂಟಿನಲ್ಲಿ ಅಡ್ಡ ಬಿಳಿ ಗೆರೆ ಬಂದರೆ ತಕ್ಷಣ ಹೆಡ್ ಕ್ಲೀನಿಂಗ್ ಒತ್ತುವುದಿಲ್ಲ. ಮೊದಲು ಸಾದಾ ಕಾಗದದ ಮೇಲೆ ನಾಜಲ್ ಚೆಕ್ (ಹೆಡ್‌ನಲ್ಲಿ ಇಂಕ್ ಬರುವ ಸಣ್ಣ ರಂಧ್ರಗಳ ಪರೀಕ್ಷೆ) ತೆಗೆಯುತ್ತೇನೆ. ಸಣ್ಣ ಗೆರೆಗಳ ಆ ನಮೂನೆಯಲ್ಲಿ ಎಲ್ಲೂ ತುಂಡಾಗಿಲ್ಲವೆಂದರೆ ಹೆಡ್ ಸರಿಯಿದೆ. ತಪ್ಪನ್ನು ಪೇಪರ್ ಟೈಪಿನಲ್ಲಿ, ಅಲೈನ್‌ಮೆಂಟಿನಲ್ಲಿ (ಹೆಡ್‌ನ ಹೊಂದಾಣಿಕೆ) ಅಥವಾ ಡ್ರಾಫ್ಟ್ ಮೋಡ್‌ನಲ್ಲಿ (ಇಂಕ್ ಉಳಿಸುವ ಅವಸರದ ಮುದ್ರಣ) ಹುಡುಕಬೇಕು. ಗೆರೆ ತುಂಡಾಗಿದ್ದರೆ ಮಾತ್ರ ಒಂದು ಕ್ಲೀನಿಂಗ್, ಮತ್ತೆ ಚೆಕ್. ಮೂರು ಸಲಕ್ಕೂ ತೆರೆಯದಿದ್ದರೆ ಆಫ್ ಮಾಡಿ 12 ಗಂಟೆ ಹಾಗೇ ಬಿಡುತ್ತೇನೆ. ಹೆಡ್‌ನೊಳಗೆ ಸೇರಿದ ಗಾಳಿಗುಳ್ಳೆ ಬಹಳ ಸಲ ಅಷ್ಟರಲ್ಲೇ ಹೋಗಿರುತ್ತದೆ. ಮೇಲಿಂದ ಮೇಲೆ ಕ್ಲೀನಿಂಗ್ ಒತ್ತಿದರೆ ಎಳೆದ ಇಂಕೆಲ್ಲ ಒಳಗಿನ ವೇಸ್ಟ್ ಪ್ಯಾಡ್‌ಗೆ ಹೋಗುತ್ತದೆ. ಆ ಪ್ಯಾಡ್ ತುಂಬಿತೆಂದರೆ ಪ್ರಿಂಟರ್ ಕೆಲಸವನ್ನೇ ನಿಲ್ಲಿಸುತ್ತದೆ. ಟ್ಯಾಂಕಿನಲ್ಲಿ ಇಂಕ್ ಕೆಳಗಿನ ಗೆರೆಗೆ ಬಂದಿದ್ದರೆ ಕ್ಲೀನಿಂಗ್ ಬೇಡವೇ ಬೇಡ, ಟ್ಯೂಬಿಗೆ ಗಾಳಿ ಸೇರುತ್ತದೆ.

ಗೋಡೆಯ ಸ್ವಿಚ್ಚಿನಿಂದ ಪ್ರಿಂಟರ್ ಆರಿಸುವುದು ಕೆಟ್ಟ ಅಭ್ಯಾಸ. ಅದರದೇ ಬಟನ್ ಒತ್ತಿದರೆ ಹೆಡ್ ಮೂಲೆಗೆ ಹೋಗಿ ರಬ್ಬರ್ ಕ್ಯಾಪಿನ ಮೇಲೆ ಕೂರುತ್ತದೆ. ನಡುವೆ ಕರೆಂಟ್ ತೆಗೆದರೆ ನಾಜಲ್ ಬಾಯಿ ತೆರೆದೇ ಇದ್ದು ಒಣಗುತ್ತದೆ. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರಿನ ಕಡೆ ಇದಕ್ಕೆ ಹೆಚ್ಚು ದಿನ ಬೇಡ. ವಾರಕ್ಕೊಂದು ಹಾಳೆ, ನಾಲ್ಕೂ ಬಣ್ಣ ಇರುವಂಥದ್ದು ತೆಗೆದರೆ ಸಾಕು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಕಷ್ಟ ಕಾಗದದ್ದು. ತೇವ ಎಳೆದ ಹಾಳೆ ಸುರುಳಿಯಾಗಿ ಹೆಡ್‌ಗೆ ಉಜ್ಜುತ್ತದೆ, ಅಂಚಿನಲ್ಲಿ ಮಸಿ ಮೆತ್ತುತ್ತದೆ. ಬಿಚ್ಚಿದ ಫೋಟೊ ಪೇಪರನ್ನು ಜಿಪ್ ಕವರಿನಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡುತ್ತೇನೆ, ಬೇಕಾದಷ್ಟೇ ಹಾಳೆ ಟ್ರೇಗೆ.

ಕನ್ನಡ ಅಕ್ಷರಕ್ಕೆ ಇಂಗ್ಲಿಷಿನ ಅಳತೆ ಸಾಲದು. ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ಹೊಟ್ಟೆಯ ಕೆಳಗಿನ ಒಂದು ಸೀಳು. 9 ಪಾಯಿಂಟ್ ಗಾತ್ರದಲ್ಲಿ, ಡ್ರಾಫ್ಟ್ ಮೋಡ್‌ನಲ್ಲಿ, ತೆಳ್ಳನೆಯ ಕಾಗದದ ಮೇಲೆ ಆ ಸೀಳು ಇಂಕಿನಲ್ಲಿ ಮುಚ್ಚಿಹೋಗಿ ‘ಧನ’ ‘ದನ’ವಾಗುತ್ತದೆ. ‘ಸ್ತ್ರೀ’ಯ ಒತ್ತುಗಳು ಒಂದು ಮುದ್ದೆಯಾಗುತ್ತವೆ. ಆಮಂತ್ರಣವೋ ಅರ್ಜಿಯೋ ಆದರೆ 12 ಪಾಯಿಂಟಿಗೆ ಕಡಿಮೆ ಇಡುವುದಿಲ್ಲ. ಸ್ಟ್ಯಾಂಡರ್ಡ್ ಅಥವಾ ಹೈ ಗುಣಮಟ್ಟ, ಕನಿಷ್ಠ 80 ಜಿಎಸ್‌ಎಂ. ಬರೀ ಅಕ್ಷರದ ಹಾಳೆಗೆ ಗ್ರೇಸ್ಕೇಲ್ (ಬರೀ ಕಪ್ಪು-ಬೂದು) ಗುರುತು ಹಾಕುತ್ತೇನೆ, ಇಲ್ಲದಿದ್ದರೆ ಕೆಲವೊಮ್ಮೆ ಬಣ್ಣ ಬೆರೆತ ಕಪ್ಪು ಬಂದು ಅಂಚು ಮಸುಕಾಗುತ್ತದೆ. ನೆಟ್ಟನೆಯ ಗೆರೆ ಎರಡಾಗಿ ಕಂಡರೆ ಹೆಡ್ ಅಲೈನ್‌ಮೆಂಟ್ ಮಾಡಬೇಕು. ‘ಹೈ ಸ್ಪೀಡ್’ ಅಥವಾ ‘ಬೈಡೈರೆಕ್ಷನಲ್’ ಆಯ್ಕೆಯನ್ನು ಆಫ್ ಮಾಡಿದರೂ ಸುಧಾರಿಸುತ್ತದೆ, ಆಗ ಹೆಡ್ ಒಂದೇ ದಿಕ್ಕಿಗೆ ಹೋಗುವಾಗ ಮಾತ್ರ ಬರೆಯುತ್ತದೆ. ಸಮಯ ಸುಮಾರು ಎರಡು ಪಟ್ಟು.

ಫೋಟೊ ಮಸುಕಾದರೆ ಫೈಲನ್ನೂ ನೋಡಿ. 4×6 ಇಂಚಿಗೆ 300 ಪಿಪಿಐ (ಇಂಚಿಗೆ 300 ಪಿಕ್ಸೆಲ್) ಲೆಕ್ಕದಲ್ಲಿ 1200×1800 ಪಿಕ್ಸೆಲ್ ಬೇಕು. ವಾಟ್ಸಾಪಿನಲ್ಲಿ ಕುಗ್ಗಿ ಬಂದ, ಉದ್ದ 1600 ಪಿಕ್ಸೆಲ್ ಇರುವ ಚಿತ್ರ ಈ ಅಳತೆಗೆ ನಡೆಯುತ್ತದೆ. ಎ4ಗೆ ಹಿಗ್ಗಿಸಿದರೆ ಇಂಚಿಗೆ 137 ಪಿಕ್ಸೆಲ್ ಮಾತ್ರ ಉಳಿದು ರೆಪ್ಪೆ, ಸೀರೆಯ ಅಂಚು ಕರಗಿಹೋಗುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಮೂಲ ಫೈಲೇ ಬರುತ್ತದೆ.

ತೆಗೆದ ಫೋಟೊಗಳನ್ನು ಒಂದರ ಮೇಲೊಂದು ಪೇರಿಸಬೇಡಿ. ಬಿಡಿಬಿಡಿಯಾಗಿ 15 ನಿಮಿಷ ಹರಡಿ, ಫ್ರೇಮಿಗೆ ಹಾಕುವುದಿದ್ದರೆ ಪೂರ್ತಿ ಒಂದು ದಿನ ಬಿಡಿ. ಬೇಗ ಹಾಕಿದರೆ ಒಳಗಿನ ತೇವ ಗಾಜಿನ ಹಿಂದೆ ಮಂಜಾಗಿ ಕಟ್ಟುತ್ತದೆ.