ಮುರಿದ ಶಾಫ್ಟ್ ಗುಜರಿಗೆ ಹಾಕುವ ಮುಂಚೆ

ಹೋದ ಬೇಸಿಗೆಯಲ್ಲಿ ಸಿರುಗುಪ್ಪದ ಹುಡುಗನೊಬ್ಬ ಸೋನಾ ಮಸೂರಿ ಚೀಲದಲ್ಲಿ ಏನೋ ಸುತ್ತಿಕೊಂಡು ನನ್ನ ಶೆಡ್‌ಗೆ ಬಂದ. ಬಿಚ್ಚಿದರೆ ಎರಡು ತುಂಡಾದ ಡ್ರೈವ್ ಶಾಫ್ಟ್, ಅಂದರೆ ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಶಕ್ತಿ ಒಯ್ಯುವ ಸರಳು. ಡೀಸೆಲ್ ಹ್ಯಾಚ್‌ಬ್ಯಾಕ್ ಗಾಡಿ. ರೀಮ್ಯಾಪ್ ಆಗಿದೆ (ಪವರ್ ಹೆಚ್ಚಲಿ ಅಂತ ಇಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾಯಿಸುವುದು), ಅಗಲ ಟೈರ್ ಬಂದಿದೆ, ಸ್ಪ್ರಿಂಗ್ ಬದಲಾಯಿಸಿ ಗಾಡಿ ಕೆಳಗಿಳಿಸಿದ್ದಾನೆ.

"ಅಣ್ಣ, ಪವರ್ ಜಾಸ್ತಿ ಆಗ್ಯಾದ, ಶಾಫ್ಟ್ ತಡೀವಲ್ದು. ಇದಕ್ಕಿಂತ ಗಟ್ಟಿದ್ದೊಂದು ತರಿಸಿಕೊಡ್ರಿ" ಅಂದ.

"ತರಿಸೋಣಪ್ಪ. ಮೊದ್ಲು ಇದು ಹೆಂಗ ಮುರೀತು ನೋಡೋಣ" ಅಂದೆ.

ನಾನು ಕಲಿತದ್ದು ಅದಿರು ಲಾರಿಗಳ ಹೌಸಿಂಗ್ (ಆಕ್ಸಲ್ ಕೂರುವ ಗೂಡು) ಬಿಚ್ಚಿ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿದ ಮೇಲೆ ಲಾರಿ ಕೆಲಸ ಬಿದ್ದುಹೋಯಿತು, ಕಾರಿಗೆ ಬಂದೆ. ಎರಡರಲ್ಲೂ ಒಂದೇ ಕಥೆ. ಸಾಮಾನು ಮುರಿಯುವುದು ಪವರ್ ಎಷ್ಟಿದೆ ಅನ್ನುವುದಕ್ಕಿಂತ, ಆ ಪವರ್ ಹೇಗೆ ಬಂದು ಬಡಿಯಿತು ಅನ್ನುವುದರ ಮೇಲೆ. ಮುರಿದ ತುಂಡು ನೋಡಿದರೆ ಅದು ಗೊತ್ತಾಗುತ್ತದೆ. ಅದಕ್ಕೇ ಅದನ್ನು ಗುಜರಿಗೆ ಹಾಕಬೇಡಿ.

ನೋಡುವ ರೀತಿ ಹೀಗೆ. ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಮೆತ್ತಗಿನ ಬ್ರಷ್ ಅದ್ದಿ ತೊಳೆಯಿರಿ. ತಂತಿ ಬ್ರಷ್ ಬೇಡ. ಎರಡು ತುಂಡು ಜೋಡಿಸಿ "ಸರಿ ಕೂರುತ್ತಾ" ಅಂತ ನೋಡಲೂಬೇಡಿ, ಮುರಿದ ಮುಖ ಉಜ್ಜಿಹೋಗುತ್ತದೆ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಬೇಸಿಗೆಯಲ್ಲಿ ಮುನಿರಾಬಾದ್ ಕಡೆ ತುಂಗಭದ್ರಾ ಡ್ಯಾಮಿನ ಹಿನ್ನೀರು ಇಳಿಯುತ್ತಾ ಹೋದಂತೆ ದಂಡೆಯಲ್ಲಿ ಒಂದರ ಕೆಳಗೊಂದು ಗೆರೆ ಉಳಿಯುತ್ತದಲ್ಲ? ಅಂಥ ಗೆರೆ ಕಂಡರೆ ಅದು ಒಂದೇ ದಿನದಲ್ಲಿ ಮುರಿದದ್ದಲ್ಲ. ಎಲ್ಲೋ ಸಣ್ಣ ಗೀರಿನಿಂದ ಬಿರುಕು ಶುರುವಾಗಿ, ತಿಂಗಳುಗಟ್ಟಲೆ ಒಳಗೆ ಹರಿದು, ಉಳಿದ ಚೂರು ಕೊನೆಗೆ ಟಪ್ ಅಂದಿದೆ. ಹಳೇ ಬಿರುಕಿನ ಭಾಗ ನುಣ್ಣಗೆ, ಕೆಲವು ಸಲ ತುಕ್ಕಿನ ಬಣ್ಣದಲ್ಲಿ ಇರುತ್ತದೆ. ಕೊನೆಗೆ ಮುರಿದ ಭಾಗ ಬೂದು ಬಣ್ಣದಲ್ಲಿ ಒರಟಾಗಿ ಹೊಸದಾಗಿರುತ್ತದೆ.

ಒಂದೇ ಏಟಿಗೆ ಹೋದದ್ದಾದರೆ ಮುಖವೆಲ್ಲ ಒಂದೇ ಬಣ್ಣ. ಶಾಫ್ಟಿನ ತುದಿಯಲ್ಲಿ ಉದ್ದಕ್ಕೆ ಕೊರೆದಿರುವ ಸ್ಪ್ಲೈನ್ ಹಲ್ಲುಗಳು ಹಗ್ಗ ಹೊಸೆದಂತೆ ತಿರುಚಿದ್ದರೆ ಮಿತಿ ಮೀರಿದ ಟಾರ್ಕ್ (ತಿರುಚುವ ಬಲ) ಬಿದ್ದಿದೆ ಅಂತ ಅರ್ಥ. ಒಂದು ಚಾಕ್‌ಪೀಸ್ ತಿರುಚಿ ಮುರಿದು ನೋಡಿ, ಓರೆಯಾಗಿ ಸುರುಳಿಯಂತೆ ಮುರಿಯುತ್ತದೆ. ಗಡಸು ಕಬ್ಬಿಣ ಹಾಗೇ. ಮೆತ್ತಗಿನದು ಕತ್ತಿಯಲ್ಲಿ ಕಡಿದಂತೆ ನೇರವಾಗಿ ತುಂಡಾಗುತ್ತದೆ.

ಈಗ ಸ್ವಲ್ಪ ಲೆಕ್ಕ. ಇಂಜಿನ್ 200 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ ಅನ್ನಿ. ಫಸ್ಟ್ ಗೇರ್ ಅದನ್ನು 3.5 ಪಟ್ಟು, ಗೇರ್‌ಬಾಕ್ಸಿನ ಕೊನೆಯ ಗೇರ್ ಜೋಡಿ, ಅಂದರೆ ಫೈನಲ್ ಡ್ರೈವ್, ಮತ್ತೆ 4 ಪಟ್ಟು ಮಾಡುತ್ತದೆ. ಗುಣಿಸಿದರೆ 2,800. ಎರಡು ಶಾಫ್ಟ್‌ಗೆ ಹಂಚಿದರೆ ತಲಾ 1,400. ರೀಮ್ಯಾಪ್ ಮಾಡಿ 250 ಮಾಡಿದರೆ ತಲಾ 1,750. ಅದೇ ಗಾಡಿ ಟಾಪ್ ಗೇರ್‌ನಲ್ಲಿ, ರೇಷಿಯೋ 0.75 ಇದ್ದರೆ, ಶಾಫ್ಟಿಗೆ ಬೀಳುವುದು 375 ಮಾತ್ರ. ಹೊಸಪೇಟೆ ರೋಡಲ್ಲಿ ಜೋರಾಗಿ ಓಡಿಸಿದ್ದಕ್ಕೆ ಶಾಫ್ಟ್ ಹೋಗುವುದಿಲ್ಲ, ನಿಂತ ಜಾಗದಿಂದ ಎಗರಿಸುವಾಗ ಹೋಗುತ್ತದೆ. ಕ್ಲಚ್ ಮತ್ತು ಫ್ಲೈವ್ಹೀಲ್ (ಇಂಜಿನ್ ತುದಿಯ ಭಾರದ ಚಕ್ರ) ಕಥೆ ಬೇರೆ. ಅವು ಗೇರ್‌ಬಾಕ್ಸಿಗಿಂತ ಮುಂಚೆ ಇರುವುದರಿಂದ ಯಾವ ಗೇರಾದರೂ ಅವಕ್ಕೆ ಅದೇ 250. ಟಾಪ್ ಗೇರ್‌ನಲ್ಲಿ 1,200 ಆರ್‌ಪಿಎಂಗೆ ಕಾಲು ಒತ್ತಿಟ್ಟರೆ ಡೀಸೆಲ್ ಗಾಡಿಯ ಡ್ಯುಯಲ್ ಮಾಸ್ ಫ್ಲೈವ್ಹೀಲ್, ಅಂದರೆ ನಡುವೆ ಸ್ಪ್ರಿಂಗ್ ಇರುವ ಎರಡು ಭಾಗದ ಫ್ಲೈವ್ಹೀಲ್, ಒಳಗೇ ಬಡಿದುಕೊಂಡು ಸಾಯುತ್ತದೆ.

ಆದರೆ 1,750 ಅನ್ನುವುದು ಕ್ಲಚ್ ನಯವಾಗಿ ಬಿಟ್ಟಾಗಿನ ಲೆಕ್ಕ. 4,000 ಆರ್‌ಪಿಎಂ ಇಟ್ಟು ಕ್ಲಚ್ ಪಟ್ಟಂತ ಬಿಟ್ಟರೆ, ತಿರುಗುತ್ತಿರುವ ಫ್ಲೈವ್ಹೀಲ್ ತನ್ನ ಓಟವನ್ನೆಲ್ಲ ಒಂದೇ ಕ್ಷಣದಲ್ಲಿ ಸುರಿಯುತ್ತದೆ. ಕ್ಲಚ್ ಜಾರಿದರೆ, ಇಲ್ಲ ಟೈರ್ ಜಾರಿದರೆ ಶಾಫ್ಟ್ ಬದುಕಿತು. ಅವೆರಡೂ ಗಾಡಿಯ ಫ್ಯೂಸ್ ಇದ್ದ ಹಾಗೆ. ನಮ್ಮ ಹುಡುಗರು ಮಾಡುವುದೇನು? ಅಗಲ ಅಂಟು ಟೈರ್ ಹಾಕಿ ಒಂದು ಫ್ಯೂಸ್ ತೆಗೆಯುತ್ತಾರೆ. ಸ್ಪ್ರಿಂಗ್ ಇಲ್ಲದ ಮೆಟಲ್ ಕ್ಲಚ್ ಪ್ಲೇಟ್ ಹಾಕಿ ಇನ್ನೊಂದನ್ನೂ ತೆಗೆಯುತ್ತಾರೆ. ಆಮೇಲೆ ಶಾಫ್ಟ್ ಗಟ್ಟಿ ಮಾಡಿಸಿದರೆ ಏಟು ಗೇರ್ ಹಲ್ಲಿಗೋ ಎರಡು ಚಕ್ರಕ್ಕೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ನ ಪಿನ್ನಿಗೋ ಹೋಗಿ ಕೂರುತ್ತದೆ. ಶಾಫ್ಟ್ ಮುರಿದರೆ ಶಾಫ್ಟಿನ ಖರ್ಚು. ಪಿನ್ ಮುರಿದರೆ ಚೂರು ಗೇರ್‌ಬಾಕ್ಸ್ ಹೊಟ್ಟೆ ಸೀಳಿಕೊಂಡು ಹೊರಬರಬಹುದು. ನಾನಾದರೆ ಶಾಫ್ಟೇ ಹೋಗಲಿ ಅನ್ನುತ್ತೇನೆ.

ನಮ್ಮ ಕಡೆ ಇನ್ನೊಂದು ಕಾಟ ಇದೆ. ಸಂಡೂರು, ತೋರಣಗಲ್ಲು ರೋಡಿನ ಅಂಚಲ್ಲಿ ಕೆಂಪು ಧೂಳು ಕೂತಿರುತ್ತದೆ. ಓವರ್‌ಟೇಕ್ ಮಾಡಲು ಅಂಚಿಗಿಳಿದು ಆಕ್ಸಿಲರೇಟರ್ ಒತ್ತಿದರೆ ಚಕ್ರ ಧೂಳಲ್ಲಿ ಗಿರ್ರಂತ ತಿರುಗುತ್ತದೆ. ಮರುಕ್ಷಣ ಡಾಂಬರು ಸಿಕ್ಕಿ ಕಚ್ಚಿಕೊಳ್ಳುತ್ತದೆ. ಆ ಕಚ್ಚುವಿಕೆಯೇ ಏಟು. ಧೂಳು ಇನ್ನೊಂದು ರೀತಿಯಲ್ಲೂ ಕೊಲ್ಲುತ್ತದೆ. ನಮ್ಮ ಅದಿರು ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಅಕ್ಕಸಾಲಿಗರು ಚಿನ್ನಕ್ಕೆ ಪಾಲಿಶ್ ಕೊಡುವ ಕೆಂಪು ಪುಡಿಯೂ ಅದೇ ವಸ್ತು. ಶಾಫ್ಟಿನ ತುದಿಯಲ್ಲಿ ಬಾಗುತ್ತಲೇ ತಿರುಗುವ ಸಿವಿ ಜಾಯಿಂಟಿನ ರಬ್ಬರ್ ಬೂಟ್ (ಗ್ರೀಸ್ ಹಿಡಿದಿಡುವ ಮುಸುಕು) ಹರಿದು, ಈ ಧೂಳು ಗ್ರೀಸಿಗೆ ಸೇರಿತೋ, ಒಳಗಿನ ಗುಂಡುಗಳನ್ನು ಸವೆಸುವ ಪೇಸ್ಟ್ ರೆಡಿ. ಗಾಡಿ ಇಳಿಸಿದಾಗ ಜಾಯಿಂಟಿನ ಕೋನ ಜಾಸ್ತಿಯಾಗಿ ಬೂಟ್ ಬೇಗ ಹರಿಯುತ್ತದೆ, ಜಾಯಿಂಟೂ ಜಾಸ್ತಿ ಬಿಸಿಯಾಗುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಹೋದಾಗ ಟಕ ಟಕ ಸದ್ದು ಬಂದರೆ ಹೊರಗಿನ ಜಾಯಿಂಟ್ ಸವೆದಿದೆ.

ದುಡ್ಡು ಖರ್ಚು ಮಾಡುವುದಾದರೆ ಮೊದಲು ಇಂಜಿನ್ ಮೌಂಟ್, ಅಂದರೆ ಇಂಜಿನ್ ಕೂರುವ ರಬ್ಬರ್ ಬುಡ, ನೋಡಿ. ಯಾರೂ ನೋಡುವುದಿಲ್ಲ. ಬಾನೆಟ್ ಎತ್ತಿ, ಗೆಳೆಯನನ್ನು ಸೀಟಲ್ಲಿ ಕೂರಿಸಿ. ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಮೇಲೆ ಕಾಲಿಟ್ಟು, ಫಸ್ಟ್ ಗೇರ್‌ನಲ್ಲಿ ಕ್ಲಚ್ ಸ್ವಲ್ಪವೇ ಬಿಡಲಿ. ಆಮೇಲೆ ರಿವರ್ಸ್‌ನಲ್ಲಿ ಹಾಗೇ. ನೀವು ಪಕ್ಕದಲ್ಲಿ ನಿಲ್ಲಿ, ಗಾಡಿಯ ಮುಂದೆಯೂ ಹಿಂದೆಯೂ ಬೇಡ. ಇಂಜಿನ್ ಎದ್ದು ಕೂತು ಧಡ್ ಅಂದರೆ ಮೌಂಟ್ ಹೋಗಿದೆ. ಮೌಂಟ್ ಸಡಿಲ ಇದ್ದರೆ ಎಗರಿಸುವಾಗ ಮುಂದಿನ ಚಕ್ರಗಳು ಕುಣಿಯುತ್ತವೆ. ಒಂದೊಂದು ಕುಣಿತಕ್ಕೂ ಶಾಫ್ಟ್ ಒಮ್ಮೆ ಬಿಗಿದು ಒಮ್ಮೆ ಸಡಿಲ ಆಗುತ್ತದೆ. ಸುತ್ತಿಗೆಯಲ್ಲಿ ಹೊಡೆದ ಹಾಗೆ. ಕುಣಿಯಲು ಶುರುವಾದರೆ ತಕ್ಷಣ ಕಾಲು ತೆಗೆಯಿರಿ.

ಆಮೇಲೆ ರೀಮ್ಯಾಪ್ ಮಾಡಿದವನ ಹತ್ತಿರ ಹೋಗಿ, ಫಸ್ಟ್ ಸೆಕೆಂಡ್ ಗೇರ್‌ನಲ್ಲಿ ಟಾರ್ಕ್ ಕಮ್ಮಿ ಮಾಡಿಕೊಡು ಅನ್ನಿ. ಬಹಳ ಗಾಡಿಗಳಲ್ಲಿ ಆಗುತ್ತದೆ. ಆ ಎರಡು ಗೇರ್‌ನಲ್ಲಿ ಹೇಗೂ ಚಕ್ರ ಸುಮ್ನೆ ಸುತ್ತುತ್ತೆ ಅಲ್ವಾ? ಗೇರ್ ಆಯಿಲ್ ವಿಷಯದಲ್ಲಿ ಪುಸ್ತಕದಲ್ಲಿ ಬರೆದದ್ದೇ ಹಾಕಿ. ಜಿಎಲ್-4 (ಗೇರ್ ಆಯಿಲಿನ ದರ್ಜೆ) ಅಂದಿದ್ದರೆ ಜಿಎಲ್-5 "ಇನ್ನೂ ಸ್ಟ್ರಾಂಗ್" ಅಂತ ಸುರಿಯಬೇಡಿ. ಕೆಲವು ಜಿಎಲ್-5 ಎಣ್ಣೆಗಳು ಗೇರ್ ನಯವಾಗಿ ಬೀಳಿಸುವ ಹಿತ್ತಾಳೆಯ ಸಿಂಕ್ರೋ ರಿಂಗ್ ತಿನ್ನುತ್ತವೆ.

ಲೇತ್‌ನಲ್ಲಿ ಶಾಫ್ಟ್ ಮಾಡಿಸುವವರಿಗೆ ಒಂದು ಮಾತು. ಇದು ನನ್ನದೇ ತಪ್ಪು. ಹಳೇ ಜೀಪೊಂದಕ್ಕೆ ಹಿಂದಿನ ಆಕ್ಸಲ್ ಲೇತ್‌ನಲ್ಲಿ ಮಾಡಿಸಿದೆ. ಒಳ್ಳೇ ಕಬ್ಬಿಣ, ಅಳತೆ ಪಕ್ಕಾ. ದಪ್ಪ ಭಾಗ ಸಣ್ಣದಾಗುವ ಮೂಲೆಯನ್ನು ಚೌಕಾಗಿ ಕೊರೆದಿದ್ದರು, ನಾನು ನೋಡಿ ಸುಮ್ಮನಾದೆ. ಮೂರೇ ವಾರಕ್ಕೆ ಸಂಡೂರು ಗುಡ್ಡ ಹತ್ತುವಾಗ ಸರಿಯಾಗಿ ಆ ಮೂಲೆಯಲ್ಲೇ ತುಂಡಾಯಿತು. ಅಲ್ಲಿ ಮೂಲೆ ಗುಂಡಗಿರಬೇಕು, ಬೆರಳಾಡಿಸಿದರೆ ಉಗುರು ಸಿಗಬಾರದು. ಮುರಿದ ಶಾಫ್ಟ್ ವೆಲ್ಡಿಂಗ್ ಮಾಡಿಸುವುದಂತೂ ಬೇಡವೇ ಬೇಡ.

ಸಿರುಗುಪ್ಪದ ಹುಡುಗನ ಶಾಫ್ಟ್? ತೊಳೆದು ಟಾರ್ಚ್ ಹಿಡಿದರೆ ಅರ್ಧಕ್ಕಿಂತ ಜಾಸ್ತಿ ಕಂದು ಬಣ್ಣ, ಮೇಲೆ ಹಿನ್ನೀರಿನ ಗೆರೆ. ಗೆರೆ ಹಿಡಿದು ಹಿಂದಕ್ಕೆ ಹೋದರೆ ಬೂಟಿನ ಕ್ಲಾಂಪ್ ಕೂರುವ ಜಾಗದಲ್ಲಿ ಉಗುರಿನಷ್ಟು ಉದ್ದದ ನೇರ ಗಾಯ.

"ಬೂಟ್ ಯಾವಾಗ ಹಾಕ್ಸಿದ್ದೆ?"

"ಎಂಟು ತಿಂಗಳಾತು ಅಣ್ಣ. ಕ್ಲಾಂಪ್ ಬರಲಿಲ್ಲಂತ ಗ್ರೈಂಡರ್ ಹಚ್ಚಿದ್ರು."

ಗ್ರೈಂಡರ್ ಬ್ಲೇಡ್ ಕ್ಲಾಂಪ್ ದಾಟಿ ಶಾಫ್ಟಿಗೆ ತಾಗಿದೆ. ಆಮೇಲೆ ಇವನ ಎಗರಾಟ ಉಳಿದ ಕೆಲಸ ಮುಗಿಸಿದೆ. ಕಂಪನಿ ಶಾಫ್ಟನ್ನೇ ಹಾಕಿದೆ, ಕ್ಲಾಂಪನ್ನು ಕಟಿಂಗ್ ಪ್ಲೇಯರ್‌ನಲ್ಲಿ ಬಿಚ್ಚುವುದು ತೋರಿಸಿದೆ, ಹರಿದ ಮೌಂಟ್ ಒಂದು ಬದಲಾಯಿಸಿದೆ. ಗಟ್ಟಿ ಶಾಫ್ಟಿಗೆ ಅಂತ ತಂದಿದ್ದ ದುಡ್ಡಲ್ಲಿ ಅರ್ಧ ಉಳಿಯಿತು. ಹೋಗುವಾಗ ಚೀಲ ಮಾತ್ರ ವಾಪಸ್ ಕೇಳಿದ, ಅವರಮ್ಮನದಂತೆ. ತುಂಡುಗಳು ನನ್ನ ಬೆಂಚಿನ ಮೇಲೇ ಇವೆ. ಯಾರಾದರೂ ಗ್ರೈಂಡರ್ ಹಿಡಿದು ಬೂಟ್ ಬಿಚ್ಚಲು ಹೋದರೆ ಕರೆದು ತೋರಿಸುತ್ತೇನೆ.