ಮೂರು ಮಾಟುಂಗಾ, ಒಂದು ಕೊಲೆ

ಲೋಕಲ್ ಟ್ರೇನಿನಲ್ಲಿ ನಾನು ಬರೆದ ಪತ್ತೇದಾರಿ ಕಥೆ ಓದಿ ಹೇಳುತ್ತಿದ್ದೆ. ಕೇಳುತ್ತಿದ್ದವರು ಕೊಲೆಗಾರ ಯಾರು ಅಂತ ಮೂರನೇ ಅಧ್ಯಾಯಕ್ಕೇ ಹೇಳಿಬಿಟ್ಟರು. ಹೇಳಿದ್ದು ಒಬ್ಬರಲ್ಲ, ನಾಲ್ಕು ಜನ, ಒಟ್ಟಿಗೆ. ನಾನು ಹನ್ನೆರಡು ಅಧ್ಯಾಯ ಬರೆದು ಮುಗಿಸಿ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ. ಟ್ರೇನು ಇನ್ನೂ ಭಾಂಡುಪ್ ದಾಟಿರಲಿಲ್ಲ.

ನನ್ನೂರು ಕುಂದಾಪುರದ ಕಡೆ. ಮದುವೆಯಾಗಿ ಮುಂಬಯಿ ಹತ್ತಿರದ ಡೊಂಬಿವಲಿಗೆ ಬಂದು ಇಪ್ಪತ್ತೆರಡು ವರ್ಷ ಆಯಿತು. ಮುಂಬಯಿಯ ಫೋರ್ಟಿನ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತೇನೆ. ಬೆಳಿಗ್ಗೆ ಡೊಂಬಿವಲಿಯಿಂದಲೇ ಹೊರಡುವ ಫಾಸ್ಟ್ ಲೋಕಲ್, ಲೇಡೀಸ್ ಡಬ್ಬಾ. ಅಲ್ಲಿ ನಾವು ಆರೇಳು ಮಂದಿ ಕನ್ನಡ, ತುಳು ಮಾತಾಡುವವರು ದಿನಾ ಒಂದೇ ಮೂಲೆಯಲ್ಲಿ ಸೇರುತ್ತೇವೆ. ಮೂರು ಜನರ ಸೀಟಿನಲ್ಲಿ ನಾಲ್ಕು ಜನ. ನಾಲ್ಕನೆಯವಳು ಅರ್ಧ ಗಾಳಿಯಲ್ಲಿ.

ಇವರಲ್ಲಿ ಕನ್ನಡ ಓದಲು ಬರುವುದು ಇಬ್ಬರಿಗೆ ಮಾತ್ರ. ಉಳಿದವರು ಇಲ್ಲೇ ಹುಟ್ಟಿದವರು, ಮರಾಠಿ ಅಥವಾ ಇಂಗ್ಲಿಷ್ ಶಾಲೆಗೆ ಹೋದವರು. ಮಹಾನಗರಪಾಲಿಕೆಯ ಕನ್ನಡ ಶಾಲೆಗೆ ಹೋದದ್ದು ಅವರ ಅಪ್ಪ, ಚಿಕ್ಕಪ್ಪಂದಿರು. ಮಾತು ಸಲೀಸು, ಅಕ್ಷರ ಮಾತ್ರ ಇಲ್ಲ. ನನ್ನ ಓದುಗರು ಇವರೇ. ಹಾಗಾಗಿ ನಾನು ಬರೆದದ್ದನ್ನು ನಾನೇ ಓದಿ ಹೇಳಬೇಕು.

ಶುರುವಾದದ್ದು ನನ್ನ ಕಥೆಯಿಂದಲ್ಲ. ನಮ್ಮಮ್ಮ ಬಾಡಿಗೆ ಲೈಬ್ರರಿಯಿಂದ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ತಂದು ಓದುತ್ತಿದ್ದರು. ವಾಪಸ್ ಕೊಡಲು ಮರೆತ ಎರಡು ಪುಸ್ತಕ ಇನ್ನೂ ನನ್ನ ಹತ್ತಿರ ಇವೆ. ಒಂದು ದಿನ ಟ್ರೇನಿನಲ್ಲಿ ಅದನ್ನು ಓದುತ್ತಾ ಕೂತಿದ್ದೆ. ಪಕ್ಕದವಳು, "ಎಂತ ಅದು? ಜೋರಾಗಿ ಓದು ಮಾರಾಯ್ತಿ, ನಮಗೂ ಕೇಳ್ಲಿ" ಅಂದಳು. ಓದಿದೆ. ಮಾರನೇ ದಿನ ನಾನು ಹತ್ತುವ ಮೊದಲೇ ಸೀಟು ಹಿಡಿದಿಟ್ಟಿದ್ದರು. ಡೊಂಬಿವಲಿ ಲೋಕಲ್ಲಿನಲ್ಲಿ ಸೀಟು ಹಿಡಿದಿಡುವುದು ಅಂದರೆ ಏನು ಅಂತ ಇಲ್ಲಿಯವರಿಗೆ ಬೇರೆ ಹೇಳಬೇಕಿಲ್ಲ.

ನರಸಿಂಹಯ್ಯನವರು ಶಾಲೆಯಲ್ಲಿ ಓದಿದ್ದು ನಾಲ್ಕನೇ ತರಗತಿವರೆಗೆ, ಬರೆದದ್ದು ನೂರಾರು ಕಾದಂಬರಿ. ಅದನ್ನು ಕೇಳಿದ ಮೇಲೆ ನನ್ನ ಹತ್ತಿರ ಬರೆಯದೇ ಇರಲು ನೆಪ ಉಳಿಯಲಿಲ್ಲ.

ಮೊದಲ ಕಥೆ ಬರೆದೆ. ಕೊನೆಯ ಅಧ್ಯಾಯದಲ್ಲಿ ಒಬ್ಬ ದೂರದ ಸಂಬಂಧಿಕನನ್ನು ತಂದು, ಇವನೇ ಕೊಲೆಗಾರ ಅಂದೆ. ಕುರ್ಲಾ ಬರುವ ತನಕ ಯಾರೂ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಒಬ್ಬರು ಹಿರಿಯಕ್ಕ, "ಇದು ಮೋಸ. ಅವನು ಇಷ್ಟು ದಿನ ಎಲ್ಲಿದ್ದ?" ಅಂದರು. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಇಂಗ್ಲಿಷ್ ಪಾದ್ರಿ ಪತ್ತೇದಾರಿ ಕಥೆಗೆ ಹತ್ತು ನಿಯಮ ಬರೆದಿದ್ದರು. ಅಪರಾಧಿ ಕಥೆಯ ಮೊದಲ ಭಾಗದಲ್ಲೇ ಕಾಣಿಸಿಕೊಳ್ಳಬೇಕು ಎನ್ನುವುದು ಅದರಲ್ಲಿ ಮೊದಲನೆಯದು. ನಾನು ಅದನ್ನು ಓದಿದ್ದು ಬೈಸಿಕೊಂಡ ಮೇಲೆ. ಅಕ್ಕ ನಾಕ್ಸ್ ಹೆಸರು ಕೇಳಿಯೇ ಇಲ್ಲ.

ಎರಡನೆಯದು ಈ ಮಾಟುಂಗಾ ಕಥೆ. ಮುಂಬಯಿಯಲ್ಲಿ ಮಾಟುಂಗಾಕ್ಕೆ ಹೋಗುತ್ತೇನೆ ಅಂದರೆ ಸಾಲದು, ಆ ಏರಿಯಾಕ್ಕೆ ಲೋಕಲ್ಲಿನ ಮೂರು ಲೈನಿನಲ್ಲಿ ಮೂರು ಸ್ಟೇಷನ್. ಸೆಂಟ್ರಲ್ ಲೈನಿನಲ್ಲಿ ಮಾಟುಂಗಾ ಇದೆ. ವೆಸ್ಟರ್ನ್‌ನಲ್ಲಿ ಮಾಟುಂಗಾ ರೋಡ್. ಹಾರ್ಬರಿನಲ್ಲಿ ಕಿಂಗ್ಸ್ ಸರ್ಕಲ್. ಅಲ್ಲಿ ಇಳಿದರೂ ಮಾಟುಂಗಾವೇ. ಜುಲೈ ತಿಂಗಳ ಒಂದು ಸಂಜೆ, ಜೋರು ಮಳೆ. ಮಾಟುಂಗಾದ ಒಬ್ಬ ಹೋಟೆಲ್ ಧಣಿಯ ಕೊಲೆ. ಅಳಿಯ, ಮ್ಯಾನೇಜರ್, ತೆಂಗಿನಕಾಯಿ ಹಾಕುವವನು, ಮೂವರ ಮೇಲೂ ಅನುಮಾನ. ಮೂವರೂ ಹೇಳುವುದು ಒಂದೇ: "ನಾನು ಆಗ ತಾನೇ ಮಾಟುಂಗಾದಲ್ಲಿ ಇಳಿದೆ." ಯಾವ ಮಾಟುಂಗಾ ಎನ್ನುವುದೇ ಗಂಟು. ಬರೆಯುವಾಗ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಮ್ಯಾನೇಜರ್ ಕಿಂಗ್ಸ್ ಸರ್ಕಲ್ಲಿನಲ್ಲಿ ಇಳಿದೆ ಎನ್ನುತ್ತಾನೆ, ಆದರೆ ಅವನ ಬೂಟು ಒಣಗಿದೆ. ಮಳೆಗಾಲದಲ್ಲಿ ಅಲ್ಲಿ, ಗಾಂಧಿ ಮಾರ್ಕೆಟ್ ಹತ್ತಿರ, ನೀರು ನಿಲ್ಲುವುದು ಇಡೀ ಮುಂಬಯಿಗೆ ಗೊತ್ತು. ಆದ್ದರಿಂದಲೇ ಮೂರನೇ ಅಧ್ಯಾಯದಲ್ಲಿ ಬೂಟಿನ ಮಾತು ಬಂದ ಕೂಡಲೇ ನಾಲ್ವರೂ ಕೂಗಿದ್ದು. ನಾನು ಬಚ್ಚಿಟ್ಟ ಸುಳಿವು ಅವರಿಗೆ ಟಿವಿ ಸುದ್ದಿಯಷ್ಟೇ ಹಳೆಯದು.

ಅಷ್ಟರಲ್ಲೇ ಮುಗಿಯಲಿಲ್ಲ. ಅಳಿಯ ವಿರಾರ್ ಫಾಸ್ಟ್‌ನಲ್ಲಿ ಬಂದು ಮಾಟುಂಗಾ ರೋಡಿನಲ್ಲಿ ಇಳಿದ ಅಂತ ಬರೆದಿದ್ದೆ. ಮದುವೆಗೆ ಮೊದಲು ವೆಸ್ಟರ್ನ್ ಲೈನಿನ ನಾಲಾಸೋಪಾರದಲ್ಲಿದ್ದವಳು ನಕ್ಕಳು. "ಫಾಸ್ಟ್ ಅಲ್ಲಿ ನಿಲ್ಲಲ್ಲ ಅಕ್ಕ. ಅವನು ಹಾರಿದ್ನಾ?" ಮಾಟುಂಗಾ ಸ್ಟೇಷನ್ನಿನಲ್ಲಿ ಸಾಕ್ಷಿ ಹೇಳಲು ಒಬ್ಬ ದಪ್ಪ ಮೀಸೆಯ ಸ್ಟೇಷನ್ ಮಾಸ್ತರನನ್ನು ಇಟ್ಟಿದ್ದೆ. 2017ರಿಂದ ಆ ಸ್ಟೇಷನ್ನನ್ನು ನಡೆಸುವುದು ಹೆಂಗಸರೇ. ಇದನ್ನು ಲೇಡೀಸ್ ಡಬ್ಬಾದಲ್ಲಿ ಕೂತು ನಾನು ಮರೆತಿದ್ದೆ! ಮೀಸೆಯ ವರ್ಣನೆಗೆ ಅರ್ಧ ಪುಟ ಬೇರೆ ದಂಡ.

ಆ ರಾತ್ರಿ ಸ್ವಲ್ಪ ಅತ್ತೆ ಅಂತಲೇ ಹೇಳಬೇಕು. ಗಂಡ, "ಊರನ್ನೇ ಬದಲಾಯಿಸು. ಮಾಟುಂಗಾ ಬಿಟ್ಟು ಯಾವುದಾದರೂ ಸುಳ್ಳು ಊರು ಹಾಕು" ಅಂದರು. ಯೋಚನೆ ಮಾಡಿದೆ. ಅವರಿಗೆ ನೀರು ನಿಲ್ಲುವುದು ಗೊತ್ತು. ಗೊತ್ತಿದೆ ಎನ್ನುವುದು ನನಗೂ ಗೊತ್ತಾಯಿತು. ಹಾಗಿದ್ದರೆ ಅದನ್ನು ಬಚ್ಚಿಡುವುದು ಯಾಕೆ?

ಒಂಬತ್ತು ಅಧ್ಯಾಯ ಹೊಸದಾಗಿ ಬರೆದೆ. ಒಣ ಬೂಟು ಹಾಗೇ ಇದೆ. ಆದರೆ ಮ್ಯಾನೇಜರ್ ನೀರಿಗೆ ಇಳಿಯುವ ಮೊದಲು ಬೂಟು ಬಿಚ್ಚಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೈಯಲ್ಲಿ ಹಿಡಿದುಕೊಂಡಿದ್ದ. ಮಳೆಗಾಲದಲ್ಲಿ ನಾವೆಲ್ಲ ಮಾಡುವುದೂ ಅದನ್ನೇ ಅಲ್ವಾ? ಅವನು ನಿರಪರಾಧಿ. ತೆಂಗಿನಕಾಯಿಯವನು ಸೆಂಟ್ರಲ್ ಮಾಟುಂಗಾದಲ್ಲಿ ಇಳಿದೆ ಎನ್ನುತ್ತಾನೆ. ಕೊಡೆ ಇದ್ದುದರಿಂದ ಅಂಗಿ ಒಣಗಿದೆ. ಮೊಣಕಾಲಿನಿಂದ ಕೆಳಗೆ ಮಾತ್ರ ಕೆಸರು. ನಿಂತ ನೀರು ದಾಟಿ ಬಂದವನು ಅವನು. ಮೀಸೆಯ ಮಾಸ್ತರ ಹೋಗಿ ಟಿಕೆಟ್ ಕಿಟಕಿಯ ಹುಡುಗಿ ಬಂದಳು. ಆ ಹೊತ್ತಿಗೆ ತೆಂಗಿನಕಾಯಿಯವನು ತನ್ನ ಹತ್ತಿರ ಒದ್ದೆ ನೋಟು ಕೊಟ್ಟು ಟಿಕೆಟ್ ತಗೊಂಡ ಅಂತ ಅವಳು ಹೇಳುತ್ತಾಳೆ. ಆಗ ತಾನೇ ಇಳಿದವನಿಗೆ ಟಿಕೆಟ್ ಯಾಕೆ? ಈ ಸುಳಿವು ನನ್ನ ಮೊದಲ ಪ್ರತಿಯಲ್ಲಿ ಇರಲೇ ಇಲ್ಲ. ತಪ್ಪು ತಿದ್ದಲು ಹೋಗಿ ಸಿಕ್ಕಿದ್ದು.

ಓದಿ ಹೇಳುವ ಕಥೆಗೆ ಬೇರೆಯೇ ಕಷ್ಟಗಳಿವೆ. ಪುಸ್ತಕವಾದರೆ ಅನುಮಾನ ಬಂದಾಗ ಪುಟ ಹಿಂದಕ್ಕೆ ತಿರುಗಿಸಬಹುದು. ಕೇಳುವವರಿಗೆ ಹಿಂದಕ್ಕೆ ಹೋಗುವ ದಾರಿ ಇಲ್ಲ. ನನ್ನ ಕಥೆಯಲ್ಲಿ ಸುರೇಶ, ಸತೀಶ, ಸದಾಶಿವ ಅಂತ ಮೂವರಿದ್ದರು. ನಮ್ಮ ಕಡೆಯ ಹೋಟೆಲಿನಲ್ಲಿ ನಿಜವಾಗಿ ಹಾಗೇ ಇರುತ್ತಾರೆ, ಆದರೆ ಕಿವಿಗೆ ಮೂವರೂ ಒಬ್ಬನೇ. ಈಗ ಪ್ರತಿ ಪಾತ್ರಕ್ಕೂ ಬೇರೆ ಬೇರೆ ಅಕ್ಷರ. ಮುಖ್ಯವಾದ ಸುಳಿವು ಮೂರು ಸಲ ಬರಬೇಕು, ಒಂದೇ ವೇಷದಲ್ಲಿ ಅಲ್ಲ. ಒದ್ದೆ ನೋಟು ಮೊದಲು ಸುಮ್ನೆ ಒಂದು ವಸ್ತು. ಆಮೇಲೆ ಕೌಂಟರಿನ ಹುಡುಗಿಯರ ತಮಾಷೆ. ಆಮೇಲೆ ಚಿಲ್ಲರೆ ಜಗಳ. ತಮಾಷೆ ಬಂದಾಗ ಎಲ್ಲರೂ ನಕ್ಕರು, ಯಾರಿಗೂ ಅನುಮಾನ ಬರಲಿಲ್ಲ. ನಗುವಾಗ ಜನ ಎಣಿಕೆ ಬಿಟ್ಟುಬಿಡುತ್ತಾರೆ. ನನಗೆ ಗೊತ್ತಿರುವ ಅತಿ ದೊಡ್ಡ ಕಸುಬಿನ ಗುಟ್ಟು ಇದು, ಬೇಕಾದವರು ತಗೊಳ್ಳಿ.

ಅಧ್ಯಾಯದ ಉದ್ದ ನಿರ್ಧರಿಸುವುದು ರೈಲ್ವೆ. ಠಾಣೆ ಬಿಟ್ಟ ಮೇಲೆ ಶುರು, ಘಾಟ್ಕೋಪರ್ ಬರುವಷ್ಟರಲ್ಲಿ ಮುಗಿಯಬೇಕು. 2014ರಲ್ಲಿ ಮೆಟ್ರೊ ಬಂದ ಮೇಲೆ ಅಂಧೇರಿ ಕಡೆ ಹೋಗುವವರೆಲ್ಲ ಘಾಟ್ಕೋಪರಿನಲ್ಲೇ ಇಳಿಯುತ್ತಾರೆ. ನಮ್ಮಲ್ಲಿ ಒಬ್ಬಳು ಹಾಗೆ ಇಳಿಯುವವಳು. ನಾನು ಒಂಬೈನೂರು ಪದದ ಆಚೆ ಈಚೆ ಬರೆಯುತ್ತೇನೆ. ಓದಲು ಒಂಬತ್ತು ನಿಮಿಷ, ಉಳಿದದ್ದು ಬೈಗುಳಕ್ಕೆ. ರಜೆ ಹಾಕಿದವರಿಗೆ ವಾಟ್ಸಾಪಿನಲ್ಲಿ ಧ್ವನಿ ಕಳಿಸುತ್ತೇನೆ. ಅದನ್ನು ಊರಿನಲ್ಲಿ ಅತ್ತೆಯಂದಿರೂ ಕೇಳುತ್ತಾರಂತೆ.

ಕಾನೂನಿನಲ್ಲೂ ಒಂದು ಪೆಟ್ಟು ತಿಂದೆ. ಪೊಲೀಸರು "302 ಹಾಕು" ಅನ್ನುತ್ತಾರೆ ಅಂತ ಬರೆದಿದ್ದೆ. ವಕೀಲರ ಆಫೀಸಿನಲ್ಲಿ ಟೈಪ್ ಮಾಡುವವಳು ತಡೆದಳು. 2024ರ ಜುಲೈ 1ರಿಂದ ಹಳೇ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಕೊಲೆಗೆ ಈಗ ಸೆಕ್ಷನ್ 103. ಆದರೆ 302 ಅಂದರೆ ಮಗುವಿಗೂ ಮೈ ಜುಮ್ಮೆನ್ನುತ್ತದೆ, 103 ಅಂದರೆ ಬಸ್ ನಂಬರ್ ಥರ. ಎರಡನ್ನೂ ಇಟ್ಟೆ. ಹಳೇ ಹವಾಲ್ದಾರ ಬಾಯಿತಪ್ಪಿ 302 ಅನ್ನುತ್ತಾನೆ, ಹೊಸ ಹುಡುಗ ತಿದ್ದುತ್ತಾನೆ. ಇಬ್ಬರ ವಯಸ್ಸನ್ನೂ ಬೇರೆ ಹೇಳಬೇಕಾಗಲಿಲ್ಲ.

ಕಥೆಯನ್ನು ಊರಿನ ಒಂದು ಪತ್ರಿಕೆಗೆ ಕಳಿಸಿದೆ. "ಮೂರು ಸ್ಟೇಷನ್ನು ನಮ್ಮ ಓದುಗರಿಗೆ ತಲೆಬಿಸಿ" ಅಂತ ವಾಪಸ್ ಬಂತು. ಅವರ ಮಾತು ಪೂರ್ತಿ ತಪ್ಪಲ್ಲ. ಹುಬ್ಬಳ್ಳಿಯವರಿಗೆ ಕಿಂಗ್ಸ್ ಸರ್ಕಲ್ಲಿನ ನೀರು ಗೊತ್ತಿಲ್ಲ; ಅವರಿಗೆ ಮೊದಲ ಪುಟದಲ್ಲೇ ಹೇಳಬೇಕು. ಇಲ್ಲಿಯವರಿಗೆ ಹೇಳಿದರೆ ಬೇಜಾರು. ಇದಕ್ಕೆ ನನಗಿನ್ನೂ ಉಪಾಯ ಸಿಕ್ಕಿಲ್ಲ. ಒಂದು ಸಾಹಿತ್ಯದ ಕಾರ್ಯಕ್ರಮದಲ್ಲಿ ಒಬ್ಬ ಹಿರಿಯರು, "ಪತ್ತೇದಾರಿಯಾ? ಆಮೇಲೆ ಒಳ್ಳೆಯದೂ ಬರೀತೀಯಲ್ಲ" ಅಂದಿದ್ದರು. ಮುಂಬಯಿ ಕನ್ನಡದಲ್ಲಿ ಗಂಭೀರ ಕಾದಂಬರಿಗಳ ದೊಡ್ಡ ಸಾಲೇ ಇದೆ, ಒಪ್ಪುತ್ತೇನೆ. ಆದರೆ ಯಶವಂತ ಚಿತ್ತಾಲರ 'ಶಿಕಾರಿ'ಯನ್ನೇ ನೋಡಿ. ಕಂಪನಿಯವರು ಒಬ್ಬನನ್ನು ಸಸ್ಪೆಂಡ್ ಮಾಡುತ್ತಾರೆ, ಯಾಕೆ ಅಂತ ಅವನಿಗೇ ಗೊತ್ತಿಲ್ಲ. ಯಾರು, ಯಾಕೆ ಎನ್ನುತ್ತಲೇ ನಾನು ಅದನ್ನು ಒಂದೇ ಉಸಿರಿಗೆ ಓದಿದೆ. ನನ್ನ ಮಟ್ಟಿಗೆ ಅದರಲ್ಲೂ ಪತ್ತೇದಾರಿ ಇದೆ. ಇದನ್ನು ಆ ಹಿರಿಯರಿಗೆ ಹೇಳುವ ಧೈರ್ಯ ಆಗಲಿಲ್ಲ.

ಕೊನೆಯ ಅಧ್ಯಾಯ ಓದಿದ ದಿನ ಘಾಟ್ಕೋಪರಿನವಳು ಇಳಿಯಲಿಲ್ಲ. ಕುರ್ಲಾ ತನಕ ಬಂದಳು, ಆಫೀಸಿಗೆ ಲೇಟ್. ತೆಂಗಿನಕಾಯಿಯವನ ಹೆಸರು ಹೇಳಿದಾಗ ಒಂದು ಕ್ಷಣ ಎಲ್ಲರೂ ಸುಮ್ಮನಾದರು. "ಛೆ, ನಾನು ಮ್ಯಾನೇಜರನ್ನೇ ಹಿಡ್ಕೊಂಡಿದ್ದೆ" ಅಂತ ಒಬ್ಬಳು. ನಾನು ಕಾಗದ ಮಡಚಿ ಬ್ಯಾಗಿಗೆ ಹಾಕುತ್ತಿದ್ದೆ. ಹಿರಿಯಕ್ಕ ಕನ್ನಡಕ ಒರೆಸುತ್ತಾ ಕೇಳಿದರು, "ಎಲ್ಲ ಸರಿ. ಬೂಟು ಹಾಕಿದ ಆ ಪ್ಲಾಸ್ಟಿಕ್ ಚೀಲ ಆಮೇಲೆ ಎಲ್ಲಿ ಹೋಯ್ತು? ಪೊಲೀಸರಿಗೆ ಸಿಗಲೇ ಇಲ್ಲವಲ್ಲ?"

ದಾದರ್ ಬಂತು. ಅವರು ಇಳಿದು ಹೋದರು.